ವಿದೇಶದಿಂದ ಬೈನಾಕ್ಯುಲರ್ ತರಿಸಿದರೆ ಕೊನೆಗೆ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾನು ಸಾಗರದವಳು. ಹೈಸ್ಕೂಲ್ ಟೀಚರ್ ಆಗಿ ನಿವೃತ್ತಳಾಗಿದ್ದೇನೆ. ಈಗ ಹಕ್ಕಿ ನೋಡುವ ಹುಚ್ಚು ಹತ್ತಿದೆ. ಮಳೆಗಾಲ ಬಂತೆಂದರೆ ಗುಡವಿ ಪಕ್ಷಿಧಾಮಕ್ಕೆ ಹೋಗುತ್ತಿರುತ್ತೇನೆ. ಒಳ್ಳೆಯ ಬೈನಾಕ್ಯುಲರ್ ಒಂದು ಬೇಕು. ನನಗೆ ಹಿಡಿಸಿದ ಮಾಡೆಲ್‌ಗೆ ಬೆಂಗಳೂರಿನ ಅಂಗಡಿಯಲ್ಲಿ 32,000 ರೂಪಾಯಿ ಹೇಳಿದರು. ಅಮೆರಿಕದ ವೆಬ್‌ಸೈಟ್ ಒಂದರಲ್ಲಿ ಅದೇ ಮಾಡೆಲ್ 210 ಡಾಲರ್, ಅಂದರೆ 19 ಸಾವಿರದ ಒಳಗೆ. 13 ಸಾವಿರ ಉಳಿಯುತ್ತದಲ್ಲ! ಆದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಭಾವ "ಗಿಫ್ಟ್ ಅಂತ ಬರೆಸು, ಬೆಲೆ 20 ಡಾಲರ್ ಅಂತ ಹಾಕಿಸು, ಡ್ಯೂಟಿ ಬೀಳಲ್ಲ" ಅನ್ನುತ್ತಾರೆ. ಮಗ "ಕಸ್ಟಮ್ಸ್ ಅನ್ನೋದು ಲಾಟರಿ ಇದ್ದ ಹಾಗೆ" ಅನ್ನುತ್ತಾನೆ. ನನಗೆ ಬೇರೆಯದೇ ಭಯ. ಎರಡು ತಿಂಗಳ ಹಿಂದೆ ಮೊಬೈಲ್‌ನಲ್ಲಿ ಜಾಹೀರಾತು ನೋಡಿ, ಯಾವುದೋ ವಿದೇಶಿ ಸೈಟ್‌ನಿಂದ 1,900 ರೂಪಾಯಿಯ ಟ್ರೈಪಾಡ್ ಆರ್ಡರ್ ಮಾಡಿದ್ದೆ. ಕಾರ್ಡ್‌ನಲ್ಲಿ ದುಡ್ಡು ಹೋಯಿತು, ಟ್ರೈಪಾಡ್ ಬರಲೇ ಇಲ್ಲ. ಆಮೇಲೆ "ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, 49 ರೂಪಾಯಿ ಕಟ್ಟಿ" ಎಂದು ಲಿಂಕ್ ಸಮೇತ ಮೆಸೇಜ್ ಬಂತು. ಕಟ್ಟಿಲ್ಲ. ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಡಿಸೆಂಬರ್‌ಗೆ ಬರುತ್ತಾಳೆ. ಅವಳಿಗೆ ತೊಂದರೆ ಕೊಡಲು ಮನಸ್ಸಿಲ್ಲ. ಬೈನಾಕ್ಯುಲರ್ ತರಿಸಲೋ, ಬಿಡಲೋ?

ಉತ್ತರ: ಮೇಡಂ, ಆ 49 ರೂಪಾಯಿ ಕಟ್ಟದೆ ಇದ್ದದ್ದು ತುಂಬ ಒಳ್ಳೆಯದಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಕಸ್ಟಮ್ಸ್ ಬ್ರೋಕರ್. ಜನ ಕ್ಲಿಯರಿಂಗ್ ಏಜೆಂಟ್ ಅನ್ನುತ್ತಾರಲ್ಲ, ಅದೇ. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ ಕಲಿತವನು. 2008ರಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋದಾಗ ನಾವೂ ಹಿಂದೆಯೇ ಹೋದೆವು. ಕಂಪನಿಗಳ ಮಿಷನ್ನು, ಬಿಡಿಭಾಗ ಬಿಡಿಸಿಕೊಡುವುದು ನನ್ನ ಕೆಲಸ. ಆದರೂ ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ "ಸಾರ್, ಒಂದು ಸಣ್ಣ ಪಾರ್ಸೆಲ್ ನಿಂತುಬಿಟ್ಟಿದೆ" ಅನ್ನುತ್ತಾರೆ. ಕೇಳುತ್ತಾ ಹೋದರೆ ಹೆಚ್ಚಿನವರ ಕಥೆ ಒಂದೇ. ಸ್ಕ್ರೀನ್ ಮೇಲಿನ ಬೆಲೆ ನೋಡಿ ಆರ್ಡರ್ ಮಾಡಿರುತ್ತಾರೆ. ಅದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿರುವುದಿಲ್ಲ. ನಿಮ್ಮ 13 ಸಾವಿರವೂ ಸ್ಕ್ರೀನ್ ಮೇಲಿನ ಲೆಕ್ಕ. ಬಾಗಿಲಿನ ಲೆಕ್ಕ ಎಷ್ಟು ನೋಡೋಣ.

ಡಾಲರ್‌ಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. 210 ಡಾಲರ್‌ಗೆ 18,900. ಅಮೆರಿಕದಿಂದ ಇಲ್ಲಿಗೆ ಕಳಿಸುವ ಖರ್ಚು 30 ಡಾಲರ್ ಎಂದು ಹಿಡಿದರೆ 2,700. ಅಲ್ಲಿಗೆ 21,600 ಆಯಿತು. ಡ್ಯೂಟಿ ಬೀಳುವುದು ವಸ್ತುವಿನ ಬೆಲೆಗೆ ಮಾತ್ರ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ವಸ್ತು, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಬೀಳುತ್ತದೆ. ವಿಮೆ ಎಷ್ಟೆಂದು ಬಿಲ್‌ನಲ್ಲಿ ಇಲ್ಲದಿದ್ದರೆ ಬೆಲೆಯ ಶೇ. 1.125 ಎಂದು ಹಿಡಿಯುವ ನಿಯಮ ಇದೆ. ಸಾಗಣೆ ಖರ್ಚು ಗೊತ್ತಾಗದಿದ್ದರೆ ಬೆಲೆಯ ಶೇ. 20 ಎಂದು ಹಿಡಿಯುತ್ತಾರೆ. ನಿಮ್ಮ ಪಾರ್ಸೆಲ್ ಸುಮಾರು 21,800 ರೂಪಾಯಿಯದು ಎಂದು ಲೆಕ್ಕಕ್ಕೆ ಬರುತ್ತದೆ.

ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸುವ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಬೇರೆಯೇ ಸಂಖ್ಯೆ ಇದೆ. ಬೈನಾಕ್ಯುಲರ್ ಇರಲಿ, ಬೂಟು ಇರಲಿ, ಬಹುಪಾಲು ಅದರ ಅಡಿಯಲ್ಲೇ ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಇವುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 2026ರ ಬಜೆಟ್‌ನಲ್ಲಿ ಮೂಲ ಸುಂಕವನ್ನೂ ಶೇ. 20ರಿಂದ 10ಕ್ಕೆ ಇಳಿಸಿದರು. ಮೊದಲಿಗೆ ಹೋಲಿಸಿದರೆ ಇದು ದೊಡ್ಡ ಇಳಿಕೆ. ಆದರೆ 10 ಮತ್ತು 18 ಕೂಡಿಸಿ 28 ಅನ್ನುವ ಹಾಗಿಲ್ಲ. ಜಿಎಸ್‌ಟಿ ಬೀಳುವುದು ಸುಂಕವೂ ಸೇರಿದ ಮೊತ್ತಕ್ಕೆ. ಹಾಗಾಗಿ ಸ್ವಲ್ಪ ಹೆಚ್ಚೇ ಹಿಡಿದು, ನೂರಕ್ಕೆ 30–31 ರೂಪಾಯಿ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಪಾಲಿಗೆ ಸುಮಾರು 6,700. ಈ ದರಗಳು ಬಜೆಟ್ ಬಂದಾಗ ಬದಲಾಗುತ್ತವೆ, ಆರ್ಡರ್ ಮಾಡುವ ದಿನ ಒಮ್ಮೆ ನೋಡಿಕೊಳ್ಳಿ.

ಇನ್ನೂ ಎರಡು ಸಣ್ಣ ಖರ್ಚುಗಳಿವೆ. ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕ್, ಡಾಲರ್ ಖರ್ಚಿನ ಮೇಲೆ ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ಮಾರ್ಕಪ್ ಎಂಬ ಹೆಚ್ಚುವರಿ ಚಾರ್ಜ್ ಹಾಕುತ್ತದೆ. ಆ ಮಾರ್ಕಪ್ ಮೇಲೆ ಮತ್ತೆ ಶೇ. 18 ಜಿಎಸ್‌ಟಿ. 3.5 ಎಂದು ಹಿಡಿದರೆ ನಿಮಗೆ ಸುಮಾರು 890 ರೂಪಾಯಿ. ಇನ್ನು ಕೊರಿಯರ್ ಕಂಪನಿ ನಿಮ್ಮ ಪರವಾಗಿ ಡ್ಯೂಟಿಯನ್ನು ಮೊದಲೇ ಕಟ್ಟಿಬಿಡುತ್ತದೆ, ಆ ಸೇವೆಗೆ ಚಾರ್ಜ್ ಹಾಕುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬೇರೆ. ಒಂದು ಸಾವಿರ ಎಂದಿಟ್ಟುಕೊಳ್ಳಿ. ಅಂಚೆಯಲ್ಲಿ ಬಂದರೆ ಈ ಖರ್ಚು ತುಂಬ ಕಡಿಮೆ, ಆದರೆ ದಿನ ಜಾಸ್ತಿ ಹಿಡಿಯುತ್ತದೆ.

ಈಗ ಕೂಡಿಸಿ. 21,600, ಅದಕ್ಕೆ 6,700, ಮೇಲೆ 890, ಮತ್ತೊಂದು ಸಾವಿರ. 30,190 ಆಯಿತು. ಬೆಂಗಳೂರಿನ ಅಂಗಡಿಯ ಬೆಲೆ 32,000. ನಿಮಗೆ ಉಳಿಯುವುದು 13 ಸಾವಿರ ಅಲ್ಲ, 1,800 ರೂಪಾಯಿ.

ಆ 1,800ಕ್ಕೆ ನೀವು ಏನನ್ನು ಬಿಟ್ಟುಕೊಡುತ್ತೀರಿ ಎಂಬುದನ್ನೂ ನೋಡಬೇಕು. ಬೆಂಗಳೂರಿನ ಅಂಗಡಿಯಲ್ಲಾದರೆ ಕೈಯಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡೇ ಕಣ್ಣಿಗಿಟ್ಟು ನೋಡಬಹುದು. ನಮ್ಮ ವಯಸ್ಸಿನವರಿಗೆ ಇದು ಸಣ್ಣ ವಿಷಯ ಅಲ್ಲ. ಒಳಗೆ ಫಂಗಸ್ ಬಂದರೆ, ಫೋಕಸ್ ಚಕ್ರ ಬಿಗಿಯಾದರೆ ಅದೇ ಅಂಗಡಿಗೆ ಹೋಗಬಹುದು. ಮಲೆನಾಡಿನ ಮಳೆಯಲ್ಲಿ ಓಡಾಡುವ ಬೈನಾಕ್ಯುಲರ್‌ಗೆ ಈ ಎರಡೂ ಯಾವತ್ತಾದರೂ ಬರುವಂಥವೇ. ಎಷ್ಟೋ ಕಂಪನಿಗಳು ವಾರಂಟಿಯನ್ನು ಮಾರಿದ ದೇಶಕ್ಕೆ ಮಾತ್ರ ಕೊಡುತ್ತವೆ. ಹೆಸರು ಒಂದೇ, ಮಾಡೆಲ್ ಒಂದೇ ಇದ್ದರೂ ಇಲ್ಲಿಯ ಸರ್ವಿಸ್ ಸೆಂಟರ್‌ನವರು "ಇದು ಇಂಡಿಯಾ ಪೀಸ್ ಅಲ್ಲ" ಎಂದು ವಾಪಸ್ ಕಳಿಸುತ್ತಾರೆ.

ಹಾಗಾದರೆ ಅಲ್ಲಿ ಬೆಲೆ ಕಡಿಮೆ ಕಾಣುವುದು ಯಾಕೆ? ಅವರದು ಮೋಸ, ನಮ್ಮದು ಲೂಟಿ ಎಂದೇನೂ ಇಲ್ಲ. ನಮ್ಮಲ್ಲಿ ಅಂಗಡಿಯವರು ಹೇಳುವ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ, ರಾಜ್ಯದ ಸೇಲ್ಸ್ ಟ್ಯಾಕ್ಸ್ ಬಿಲ್ ಮಾಡುವಾಗ ಮೇಲೆ ಸೇರುತ್ತದೆ. ಬೆಂಗಳೂರಿನ ಅಂಗಡಿಯವರು ಹೇಳಿದ 32,000ದ ಒಳಗೆ ಕಸ್ಟಮ್ಸ್, ಜಿಎಸ್‌ಟಿ, ಸಾಗಣೆ, ಅಂಗಡಿ ಬಾಡಿಗೆ ಎಲ್ಲವೂ ಇವೆ. ನೀವು ತೆರಿಗೆ ಸೇರಿದ ಬೆಲೆಯನ್ನು ತೆರಿಗೆ ಸೇರದ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿದಿರಿ. ಯಾರಿಗಾದರೂ ಆಗುವ ತಪ್ಪು ಇದು.

ಯುರೋಪಿನ ಸೈಟ್‌ಗಳದು ಇದಕ್ಕೆ ಉಲ್ಟಾ. ಅಲ್ಲಿ ತೋರಿಸುವ ಬೆಲೆಯಲ್ಲಿ ವ್ಯಾಟ್ ಸೇರಿರುತ್ತದೆ. ಜರ್ಮನಿಯಲ್ಲಿ ಶೇ. 19, ಬ್ರಿಟನ್‌ನಲ್ಲಿ ಶೇ. 20. ವಸ್ತು ದೇಶದ ಹೊರಗೆ ಹೋಗುವುದಾದರೆ ಆ ವ್ಯಾಟ್ ಬೀಳುವುದಿಲ್ಲ. ಒಳ್ಳೆಯ ಅಂಗಡಿಯವರು, ನೀವು ಭಾರತದ ವಿಳಾಸ ಹಾಕಿದ ಕೂಡಲೇ ಅದನ್ನು ಕಳೆದು ತೋರಿಸುತ್ತಾರೆ. 119 ಯೂರೋ ಇದ್ದದ್ದು 100 ಆಗುತ್ತದೆ. ಕೆಲವರು ಕಳೆಯುವುದೇ ಇಲ್ಲ. ಆಗ ನೀವು ಅಲ್ಲಿಯ ತೆರಿಗೆಯನ್ನೂ ಕಟ್ಟಿ, ಇಲ್ಲಿಯದನ್ನೂ ಕಟ್ಟುತ್ತೀರಿ. ಯುರೋಪಿನಿಂದ ತರಿಸುವವರಲ್ಲಿ ತುಂಬ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಣ ಕಟ್ಟುವ ಮೊದಲು ಒಂದು ಇಮೇಲ್ ಹಾಕಿ ಕೇಳಿದರೆ ಮುಗಿಯಿತು.

ಇನ್ನು ಚೀನಾದ ಸಣ್ಣ ಪುಟ್ಟ ವಸ್ತುಗಳು. ನೂರು ರೂಪಾಯಿಯ ವಸ್ತುವನ್ನು ಸಾಗಣೆ ಖರ್ಚೇ ಇಲ್ಲದೆ ಅಷ್ಟು ದೂರದಿಂದ ಹೇಗೆ ಕಳಿಸುತ್ತಿದ್ದರು ಎಂದು ಅನೇಕರು ಕೇಳುತ್ತಾರೆ. ಒಂದು ದೇಶದ ಅಂಚೆ ಇನ್ನೊಂದು ದೇಶದ ಅಂಚೆಗೆ ಬಟವಾಡೆಗಾಗಿ ಎಷ್ಟು ಕೊಡಬೇಕು ಎಂಬುದನ್ನು ವಿಶ್ವ ಅಂಚೆ ಒಕ್ಕೂಟ ತೀರ್ಮಾನಿಸುತ್ತದೆ. ಆ ಲೆಕ್ಕದಲ್ಲಿ ಚೀನಾಕ್ಕೆ ಬಹಳ ವರ್ಷ ಕಡಿಮೆ ದರ ಇತ್ತು. ಅಮೆರಿಕ ಒಕ್ಕೂಟ ಬಿಟ್ಟೇ ಹೋಗುತ್ತೇನೆ ಎಂದು ಹಟ ಹಿಡಿದ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಸಭೆ ಸೇರಿ ಅದನ್ನು ಬದಲಾಯಿಸಿದರು. ನಮ್ಮಲ್ಲಿ 2020ರ ಜೂನ್‌ನಲ್ಲಿ 59 ಚೀನೀ ಆ್ಯಪ್‌ಗಳನ್ನೂ ನವೆಂಬರ್‌ನಲ್ಲಿ ಮತ್ತೆ 43 ಆ್ಯಪ್‌ಗಳನ್ನೂ ಸರ್ಕಾರ ನಿಲ್ಲಿಸಿತು. ಚೀನಾದ ವಸ್ತುಗಳನ್ನು ಮಾರುವ ಅಲಿಎಕ್ಸ್‌ಪ್ರೆಸ್ ಹೋದದ್ದು ಈ ನವೆಂಬರ್‌ನ ಸುತ್ತಿನಲ್ಲಿ. ಆ ಕಾಲದ ಅನುಭವ ಹೇಳಿ ಈಗಲೂ "ಸುಮ್ನೆ ಆರ್ಡರ್ ಮಾಡಿ, ಏನೂ ಆಗಲ್ಲ" ಅನ್ನುವವರಿದ್ದಾರೆ. ಆ ಕಾಲ ಹೋಯಿತು.

ನಿಮ್ಮ ಭಾವ ಹೇಳಿದ ಗಿಫ್ಟ್ ವಿಷಯವೂ ಹಾಗೆಯೇ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳತು. ಒಂದು ಕಾಲಕ್ಕೆ 5,000 ರೂಪಾಯಿವರೆಗಿನ ಉಡುಗೊರೆಗೆ ಡ್ಯೂಟಿ ಇರಲಿಲ್ಲ. ಆನ್‌ಲೈನ್ ಮಾರಾಟಗಾರರು ಕೊಂಡ ವಸ್ತುಗಳ ಮೇಲೆಲ್ಲ "ಗಿಫ್ಟ್" ಎಂದು ಬರೆದು ಕಳಿಸತೊಡಗಿದರು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅಂಚೆ, ಕೊರಿಯರ್‌ನಲ್ಲಿ ಗಿಫ್ಟ್ ಎಂದು ಡ್ಯೂಟಿ ಇಲ್ಲದೆ ಬರುವುದು ಈಗ ಎರಡೇ: ಜೀವ ಉಳಿಸುವ ಔಷಧ ಮತ್ತು ರಾಖಿ. ರಾಖಿಯ ಜೊತೆಗಿಟ್ಟ ಉಡುಗೊರೆಗೂ ವಿನಾಯಿತಿ ಇಲ್ಲ. ನಿಜವಾದ ಉಡುಗೊರೆಯೇ ಆಗಿದ್ದರೂ ಪೂರ್ತಿ ಡ್ಯೂಟಿ ಕಟ್ಟಿಯೇ ಬಿಡಿಸಿಕೊಳ್ಳಬೇಕು.

210 ಡಾಲರ್‌ನದನ್ನು 20 ಡಾಲರ್ ಎಂದು ಹಾಕಿಸುವ ಮಾತು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನುಷ್ಯರು ಇದರಲ್ಲಿ ಸಿಕ್ಕಿಕೊಂಡು ಒದ್ದಾಡುವುದನ್ನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಮಗಳ ಮದುವೆಯ ಫೋಟೋ ತೆಗೆಯಲೆಂದು ಕ್ಯಾಮೆರಾ ಲೆನ್ಸ್ ತರಿಸಿದ್ದರು. ಮಾರಿದವನೇ "ನಿಮಗೆ ಸಹಾಯ ಆಗಲಿ" ಎಂದು ಬೆಲೆ ಕಡಿಮೆ ಬರೆದಿದ್ದ. ಪೆಟ್ಟಿಗೆಯ ಮೇಲೆ ಮಾಡೆಲ್ ಹೆಸರು ಇತ್ತು. ಅಧಿಕಾರಿಯ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಅದೇ ಸೈಟ್ ತೆರೆದು ನಿಜವಾದ ಬೆಲೆ ನೋಡಲು ಅವರಿಗೆ ಎರಡು ನಿಮಿಷ ಸಾಕಾಯಿತು. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ, ಬಿಲ್ ತನ್ನಿ, ವಿವರಣೆ ಬರೆದುಕೊಡಿ ಎಂದು ಶುರುವಾಯಿತು. ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಸುಳ್ಳು ಬೆಲೆ ಹಾಕಿದ ವಸ್ತುವನ್ನು ಜಪ್ತಿ ಮಾಡಬಹುದು. 112ರಲ್ಲಿ ದಂಡ. ವಸ್ತು ವಾಪಸ್ ಬೇಕೆಂದರೆ 125ರ ಪ್ರಕಾರ ಬಿಡುಗಡೆಗೆ ಬೇರೆ ದಂಡ. ಲೆನ್ಸ್ ಅವರ ಕೈಸೇರಿದಾಗ ಮದುವೆ ಮುಗಿದು ಎರಡು ವಾರವಾಗಿತ್ತು. ಖರ್ಚು ಎಲ್ಲ ಸೇರಿ ಇಲ್ಲಿಯ ಅಂಗಡಿ ಬೆಲೆ ದಾಟಿತ್ತು.

ಬೆಲೆ ಬರೆದದ್ದು ಮಾರಿದವನು, ನನ್ನದೇನು ತಪ್ಪು ಎಂದು ಅವರು ಕೇಳಿದರು. ಆದರೆ ಆಮದು ಮಾಡಿಕೊಂಡವರು ಅವರು. ಕೆವೈಸಿಯಲ್ಲಿ ಇರುವುದು ಅವರ ಆಧಾರ್, ಅವರ ಪ್ಯಾನ್. ಇನ್ನೊಂದು ವಿಷಯ. 20 ಡಾಲರ್ ಎಂದು ಬರೆದ ಪಾರ್ಸೆಲ್ ದಾರಿಯಲ್ಲಿ ಕಳೆದುಹೋದರೆ ಪರಿಹಾರ ಕೇಳಲು ನಿಮ್ಮ ಹತ್ತಿರ ಇರುವ ಕಾಗದ 20 ಡಾಲರ್‌ನದೇ.

ಕಸ್ಟಮ್ಸ್ ಲಾಟರಿ ಎಂದು ನಿಮ್ಮ ಮಗ ಹೇಳುವುದಕ್ಕೆ ಕಾರಣ ಇದೆ. ದಿನಕ್ಕೆ ಬರುವ ಪ್ರತಿಯೊಂದು ಪುಟ್ಟ ಪೊಟ್ಟಣವನ್ನೂ ಬಿಚ್ಚಿ ನೋಡಲು ಆಗುವುದಿಲ್ಲ. ಹಾಗಾಗಿ ಸ್ನೇಹಿತನ ಫೋನ್ ಕವರ್ ಡ್ಯೂಟಿ ಇಲ್ಲದೆ ಬಂದಿರಬಹುದು, ಇವನದು ನಿಂತಿರಬಹುದು. ಆದರೆ ಇಂತಿಷ್ಟು ರೂಪಾಯಿಯ ಒಳಗೆ ಕೊಂಡರೆ ಡ್ಯೂಟಿ ಇಲ್ಲ ಎಂಬ ವಿನಾಯಿತಿ ನಮ್ಮಲ್ಲಿ ಇಲ್ಲ. ಕೊರಿಯರ್‌ನಲ್ಲಿ ಬರುವ ಬೈನಾಕ್ಯುಲರ್‌ನಂಥ ವಸ್ತುವಿಗೆ ಡ್ಯೂಟಿ ಬಿದ್ದೇ ಬೀಳುತ್ತದೆ ಎಂದುಕೊಂಡೇ ಲೆಕ್ಕ ಹಾಕಿ.

ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇಂಥ ವಿನಾಯಿತಿ ಇತ್ತು. 2025ರ ಆಗಸ್ಟ್ 29ಕ್ಕೆ ಅದೂ ನಿಂತಿತು. ಆಗ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರು ಮಾಡಿತು. ನಿಮ್ಮ ತಂಗಿ ಮಗಳಿಗೆ ಸೀರೆಯನ್ನೋ ಹಪ್ಪಳವನ್ನೋ ಕಳಿಸುವಾಗ ಆ ಕಡೆಯ ಡ್ಯೂಟಿಯನ್ನೂ ವಿಚಾರಿಸಿಕೊಳ್ಳಿ.

ಕೆಲವು ವಸ್ತುಗಳಿಗೆ ಡ್ಯೂಟಿ ಕಟ್ಟುತ್ತೇನೆಂದರೂ ಬಿಡುವುದಿಲ್ಲ. 2022ರ ಫೆಬ್ರವರಿಯಿಂದ ರೆಡಿ ಡ್ರೋನ್ ತರಿಸುವಂತಿಲ್ಲ. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಡ್ರೋನ್ ತರಿಸಿದ ಒಬ್ಬರು ತಾತ ನನ್ನ ಆಫೀಸಿಗೆ ಬಂದು ಕೂತಿದ್ದರು, ನಾನು ಏನೂ ಮಾಡಲಾಗಲಿಲ್ಲ. ಇ-ಸಿಗರೇಟ್ ನಿಷೇಧ. ಸ್ಯಾಟಲೈಟ್ ಫೋನ್, ವಾಕಿಟಾಕಿಯಂಥವಕ್ಕೆ ಅನುಮತಿ ಬೇಕು. ಕಾಡು ಸುತ್ತುವವರಿಗೆ ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಪುಟ್ಟ ಸಾಧನ ವಿದೇಶದಲ್ಲಿ ಸುಲಭವಾಗಿ ಸಿಗುತ್ತದೆ. ಆಸೆಪಟ್ಟು ತರಿಸಬೇಡಿ, ಜೇಬಿನಲ್ಲಿಟ್ಟುಕೊಂಡು ಬರುವುದೂ ಅಪಾಯ. ಬೀಜ, ಗಿಡ ತರಿಸಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಳಸಿದ ವಸ್ತುಗಳ ಆಮದಿಗೂ ನಿರ್ಬಂಧ ಇದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬೈನಾಕ್ಯುಲರ್ ಇನ್ನೂ ಅಗ್ಗ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊಸ ಬೈನಾಕ್ಯುಲರ್‌ಗೆ ಮಾತ್ರ ಈ ತೊಡಕು ಯಾವುದೂ ಇಲ್ಲ. ಹಕ್ಕಿ ನೋಡುವ ಗೆಳತಿಯರಿಗೂ ಸೇರಿಸಿ ನಾಲ್ಕು ತರಿಸಿ ಕೊಡುವ ಯೋಚನೆ ಇದ್ದರೆ ಬೇಡ. ಸ್ವಂತ ಬಳಕೆಗೆ ಅಲ್ಲದ್ದು ವ್ಯಾಪಾರ ಎಂದಾಗುತ್ತದೆ, ಅದಕ್ಕೆ ಆಮದು-ರಫ್ತು ಕೋಡ್ ಮಾಡಿಸಬೇಕು.

ಈಗ ದುಡ್ಡಿನ ಸುರಕ್ಷತೆ. ನಿಮ್ಮ ಟ್ರೈಪಾಡ್ ಕಥೆ ಓದಿ ನನಗೆ ಬೇಜಾರಾಯಿತು, ಏಕೆಂದರೆ ದಾರಿ ಇದ್ದರೂ ಬಹಳ ಜನ "ಹೋದದ್ದು ಹೋಯಿತು" ಎಂದು ಸುಮ್ಮನಾಗುತ್ತಾರೆ. ಕಾರ್ಡ್‌ನಲ್ಲಿ ಕೊಟ್ಟ ದುಡ್ಡಿಗೆ ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆ ಇದೆ. ವಸ್ತು ಬರಲಿಲ್ಲ, ಅಥವಾ ಹೇಳಿದ್ದೇ ಒಂದು, ಬಂದದ್ದೇ ಒಂದು ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಡಬೇಕು. ಬ್ಯಾಂಕ್ ಅದನ್ನು ಮಾರಿದವನ ಬ್ಯಾಂಕಿನ ಮುಂದೆ ಇಡುತ್ತದೆ. ಅವನು ಪುರಾವೆ ಕೊಡದಿದ್ದರೆ ದುಡ್ಡು ವಾಪಸ್. ಸಾಮಾನ್ಯವಾಗಿ 120 ದಿನಗಳ ಗಡುವು ಇರುತ್ತದೆ. ನಿಮಗೆ ಎರಡು ತಿಂಗಳಷ್ಟೇ ಆಗಿದೆ. ಆರ್ಡರ್‌ನ ಸ್ಕ್ರೀನ್‌ಶಾಟ್, ಅವರ ಇಮೇಲ್, ಕಾರ್ಡ್ ಸ್ಟೇಟ್‌ಮೆಂಟ್ ಮೂರನ್ನೂ ಪ್ರಿಂಟ್ ತೆಗೆಸಿಕೊಳ್ಳಿ. "ಇನ್ನೊಂದು ತಿಂಗಳು ಕಾಯಿರಿ, ಅರ್ಧ ದುಡ್ಡು ವಾಪಸ್ ಕೊಡುತ್ತೇವೆ" ಎಂದು ಅವರು ಇಮೇಲ್ ಹಾಕುತ್ತಿದ್ದರೆ ಅದು ಗಡುವು ಮುಗಿಸುವ ಉಪಾಯ. ಒಪ್ಪಬೇಡಿ.

ಮುಂದೆ ವಿದೇಶಿ ಸೈಟ್‌ಗೆ ದುಡ್ಡು ಕೊಡುವಾಗ ಕ್ರೆಡಿಟ್ ಕಾರ್ಡನ್ನೇ ಬಳಸಿ. ಡೆಬಿಟ್ ಕಾರ್ಡ್ ಆದರೆ ಜಗಳ ಮುಗಿಯುವವರೆಗೆ ಉಳಿತಾಯ ಖಾತೆಯ ದುಡ್ಡು ಹೊರಗೇ ಇರುತ್ತದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಆಫ್ ಆಗಿಯೇ ಬರುತ್ತದೆ. ಬೇಕಾದ ದಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನು ಅಷ್ಟಕ್ಕೇ ಇಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಇದನ್ನು ಮರೆಯಬಾರದು, ಏಕೆಂದರೆ ಎಷ್ಟೋ ವಿದೇಶಿ ಸೈಟ್‌ಗಳು ಒಟಿಪಿ ಕೇಳುವುದೇ ಇಲ್ಲ, ಕಾರ್ಡ್ ನಂಬರ್ ಮತ್ತು ಹಿಂದಿನ ಮೂರು ಅಂಕೆ ಇದ್ದರೆ ದುಡ್ಡು ಹೋಗುತ್ತದೆ. ಡಾಲರ್‌ನಲ್ಲಿ ಕಟ್ಟುತ್ತೀರೋ ರೂಪಾಯಿಯಲ್ಲೋ ಎಂದು ಕೇಳಿದರೆ ಡಾಲರ್ ಎನ್ನಿ. ರೂಪಾಯಿ ಎಂದರೆ ಅವರು ತಮಗೆ ಬೇಕಾದ ದರ ಹಾಕುತ್ತಾರೆ. ವಿದೇಶದ ಅಂಗಡಿ ಎಂದು ಹೇಳಿಕೊಂಡು ಯಾರದೋ ಹೆಸರಿನ ಯುಪಿಐ ಐಡಿ ಕೊಟ್ಟರೆ ಆ ಸೈಟ್ ಮುಚ್ಚಿಬಿಡಿ.

ಗ್ರಾಹಕ ನ್ಯಾಯಾಲಯ ಇದೆಯಲ್ಲ ಎಂದು ಕೇಳಬಹುದು. ಇದೆ. 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ. ಆದರೆ ಇಲ್ಲಿ ಆಫೀಸೂ ಇಲ್ಲದ, ಆಸ್ತಿಯೂ ಇಲ್ಲದ ಮಾರಾಟಗಾರನ ಮೇಲೆ ಗೆದ್ದ ತೀರ್ಪನ್ನು ಜಾರಿ ಮಾಡಿಸುವುದು ಕಷ್ಟ. ಅದಕ್ಕೇ ನಾನು ಕಾರ್ಡ್‌ನ ದಾರಿಯನ್ನು ಇಷ್ಟು ಒತ್ತಿ ಹೇಳುವುದು.

ಆ 49 ರೂಪಾಯಿ ಮೆಸೇಜ್‌ಗೆ ಬರೋಣ. ಅವರಿಗೆ ಬೇಕಾಗಿದ್ದದ್ದು 49 ರೂಪಾಯಿ ಅಲ್ಲ, ನಿಮ್ಮ ಕಾರ್ಡ್ ನಂಬರ್. ಕಸ್ಟಮ್ಸ್ ಇಲಾಖೆ ಲಿಂಕ್ ಕಳಿಸಿ ಡ್ಯೂಟಿ ಕೇಳುವುದಿಲ್ಲ. ಯಾರದೋ ಖಾತೆಗೆ ಹಾಕಿ ಎನ್ನುವುದಿಲ್ಲ. "ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಎಂದು ವಿಡಿಯೋ ಕಾಲ್ ಮಾಡುವುದಿಲ್ಲ. ಅಂಚೆಯಲ್ಲಿ ಬಂದ ಪಾರ್ಸೆಲ್‌ಗೆ ಡ್ಯೂಟಿ ಇದ್ದರೆ ಅಂಚೆಯವರು ಪಾರ್ಸೆಲ್ ಕೊಡುವಾಗ ಆ ಹಣ ತೆಗೆದುಕೊಳ್ಳುತ್ತಾರೆ. ಕೊರಿಯರ್ ಆದರೆ ಅವರ ವೆಬ್‌ಸೈಟ್‌ನಲ್ಲಿ ನಿಮ್ಮ ಟ್ರ್ಯಾಕಿಂಗ್ ನಂಬರ್ ನೀವೇ ಟೈಪ್ ಮಾಡಿ ನೋಡಬಹುದು. 2019ರ ನವೆಂಬರ್‌ನಿಂದ ಕಸ್ಟಮ್ಸ್ ಕಳಿಸುವ ಪತ್ರಗಳ ಮೇಲೆ ಡಿಐಎನ್ ಎಂಬ ನಂಬರ್ ಇರುತ್ತದೆ, ಇಲಾಖೆಯ ವೆಬ್‌ಸೈಟ್‌ನಲ್ಲಿ ಅದು ಅಸಲಿಯೇ ಎಂದು ಪರೀಕ್ಷಿಸಬಹುದು.

ವಿದೇಶಿ ಅಂಚೆಯ ಟ್ರ್ಯಾಕಿಂಗ್ ನಂಬರ್‌ಗೂ ಒಂದು ಗುರುತಿದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕೆ, ಕೊನೆಗೆ ಮತ್ತೆ ಎರಡು ಅಕ್ಷರ. ಕೊನೆಯ ಎರಡು ಕಳಿಸಿದ ದೇಶದ್ದು: ಜಪಾನ್ ಆದರೆ ಜೆಪಿ, ಜರ್ಮನಿ ಆದರೆ ಡಿಇ. ಲಂಡನ್ ಅಂಗಡಿ ಎಂದು ಹೇಳಿಕೊಂಡವರ ಪಾರ್ಸೆಲ್ ಸಿಎನ್ ಎಂದು ಮುಗಿದರೆ ಅದು ಚೀನಾದಿಂದ ಹೊರಟಿದೆ. ಇಂಥವರಿಗೆ ವಸ್ತು ವಾಪಸ್ ಕಳಿಸುವ ಖರ್ಚು ವಸ್ತುವಿನ ಬೆಲೆಯನ್ನೇ ಮೀರುತ್ತದೆ. ಯಾರಾದರೂ ಇಂಥ ಲಿಂಕ್‌ನಲ್ಲಿ ದುಡ್ಡು ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ನನ್ನ ಮನೆಯದೇ ಒಂದು ಅನುಭವ ಹೇಳಬೇಕು. ನನ್ನ ಅಕ್ಕ ಅಮೆರಿಕದಿಂದ ಒಳ್ಳೆಯ ಮಿಕ್ಸರ್ ಒಂದನ್ನು ತಂದುಕೊಟ್ಟಳು. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲಗ್‌ಗೆ ಅಡಾಪ್ಟರ್ ಹಾಕಿದರೆ ಸಾಕೆಂದು ಮನೆಯಲ್ಲಿ ಹಾಕಿಬಿಟ್ಟರು. ಒಂದೇ ನಿಮಿಷದಲ್ಲಿ ಮೋಟಾರ್ ಸುಟ್ಟಿತು, ಅಮ್ಮ ಹೆದರಿ ಹಿಂದೆ ಸರಿದು ಬಿದ್ದರು. ಬೈನಾಕ್ಯುಲರ್‌ಗೆ ಕರೆಂಟ್ ಬೇಡ, ನಿಜ. ಆದರೆ ಮುಂದೆ ಏನಾದರೂ ತರಿಸುವಾಗ, ಬಿಸಿ ಮಾಡುವ ಅಥವಾ ತಿರುಗುವ ವಸ್ತುವಾದರೆ, ಅದರ ಹಿಂದೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿಯೇ ಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ವಿದೇಶದಿಂದ ತರಿಸಲೇಬೇಡಿ ಎಂದಲ್ಲ. ನಾನೂ ತರಿಸುತ್ತೇನೆ. ಇಲ್ಲಿ ಸಿಗದ ಬಿಡಿಭಾಗಕ್ಕೆ ಬೇರೆ ದಾರಿಯೇ ಇರುವುದಿಲ್ಲ. ಹಳೆಯ ಹೊಲಿಗೆ ಯಂತ್ರದ ಒಂದು ಗೇರ್ ಜರ್ಮನಿಯಿಂದ ಬಂದು, ಎಸೆಯಬೇಕೆಂದಿದ್ದ ಯಂತ್ರ ಮತ್ತೆ ಓಡಿದ್ದನ್ನು ನೋಡಿದ್ದೇನೆ. ಬೆಲೆಗಾಗಿಯೇ ತರಿಸುವುದಾದರೆ ನನ್ನದೊಂದು ಕೈಲೆಕ್ಕ ಇದೆ. ಅಲ್ಲಿಯ ಬೆಲೆಗೆ ಸಾಗಣೆ ಸೇರಿಸುತ್ತೇನೆ. ಇಲ್ಲಿಯ ಅಂಗಡಿ ಬೆಲೆ ಅದರ 1.6 ಪಟ್ಟಾದರೂ ಇಲ್ಲದಿದ್ದರೆ ತರಿಸುವುದಿಲ್ಲ. 1.4 ಪಟ್ಟಿನವರೆಗಿನದು ಡ್ಯೂಟಿ, ಕಾರ್ಡ್, ಕೊರಿಯರ್‌ಗೇ ಸರಿಹೋಗುತ್ತದೆ. ಮೇಲಿನದು ವಾರಂಟಿ ಇಲ್ಲದ್ದಕ್ಕೆ ಮತ್ತು ವಾಪಸ್ ಕಳಿಸಲಾಗದ್ದಕ್ಕೆ. ಬಳಸದೆ ವಾಪಸ್ ಕಳಿಸಿದರೆ ಕಟ್ಟಿದ ಸುಂಕದ ಶೇ. 98 ಹಿಂದೆ ಪಡೆಯಲು ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಆದರೆ 6,000 ರೂಪಾಯಿಗೆ ಆ ಕಾಗದಪತ್ರದ ಓಡಾಟ ಮಾಡಿದವರನ್ನು ನಾನು ಕಂಡಿಲ್ಲ. ನಿಮ್ಮ ಬೈನಾಕ್ಯುಲರ್‌ದು 21,600ಕ್ಕೆ 32,000, ಅಂದರೆ 1.5 ಪಟ್ಟೂ ಇಲ್ಲ.

ಹಾಗಾಗಿ ಕೊರಿಯರ್‌ನಲ್ಲಿ ತರಿಸಬೇಡಿ. ನಿಮ್ಮ ಮುಂದೆ ಎರಡು ದಾರಿ ಇವೆ.

ಮೊದಲನೆಯದು ತಂಗಿಯ ಮಗಳು. ಕೇಳಲು ಸಂಕೋಚ ಬೇಡ. ವಿದೇಶದಿಂದ ವಿಮಾನದಲ್ಲಿ ಬರುವ ಭಾರತೀಯ ಮೂಲದವರಿಗೆ ಲಗೇಜ್‌ನಲ್ಲಿ ಡ್ಯೂಟಿ ಇಲ್ಲದೆ ತರಬಹುದಾದ ವಸ್ತುಗಳ ಮಿತಿ 50 ಸಾವಿರ ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಅದನ್ನು 75 ಸಾವಿರಕ್ಕೆ ಏರಿಸಿದ್ದಾರೆ. ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ ಶೇ. 6.625. ಅದು ಸೇರಿದರೂ ಬೈನಾಕ್ಯುಲರ್‌ಗೆ ಸುಮಾರು 20,150 ರೂಪಾಯಿ. ಹೆಚ್ಚು ಕಡಿಮೆ 12 ಸಾವಿರ ಉಳಿಯುತ್ತದೆ, ಅದೂ ಕಾನೂನಿನ ಒಳಗೇ. ಆ 75 ಸಾವಿರದ ಮಿತಿ ಅವಳು ತರುವ ಎಲ್ಲ ಹೊಸ ವಸ್ತುಗಳಿಗೂ ಸೇರಿ. ಮನೆಯವರೆಲ್ಲ ಒಂದೊಂದು ಫೋನ್ ಹೇಳಿಬಿಟ್ಟಿದ್ದರೆ ಮಿತಿ ಮೀರುತ್ತದೆ, ಮೊದಲೇ ಕೇಳಿಕೊಳ್ಳಿ. ಬಿಲ್ ಜೊತೆಗೇ ಇರಲಿ. ಬಂದ ದಿನವೇ ಕಣ್ಣಿಗಿಟ್ಟು ಪರೀಕ್ಷಿಸಿ, ದೋಷ ಇದ್ದರೆ ಅವಳು ಮರಳಿ ಹೋಗುವಾಗ ಒಯ್ಯಬಹುದು.

ಎರಡನೆಯದು ಬೆಂಗಳೂರಿನ ಅಂಗಡಿ. ಅಮೆರಿಕದ ಬೆಲೆ ತೋರಿಸಿ ಚೌಕಾಸಿ ಮಾಡಿ. ಡ್ಯೂಟಿ ಸೇರಿ ಎಷ್ಟಾಗುತ್ತದೆ ಎಂದು ಅವರಿಗೂ ಗೊತ್ತು. 30,000ಕ್ಕೆ ಕೊಟ್ಟರೆ ನಾನಾದರೆ ಅಲ್ಲೇ ಕೊಂಡುಬಿಡುತ್ತೇನೆ, ಏಕೆಂದರೆ ಗುಡವಿಯಲ್ಲಿ ಹಕ್ಕಿ ತುಂಬಿರುವುದು ಮಳೆಗಾಲದಲ್ಲಿ. ಈ ಸಲದ ಮಳೆಗಾಲ ನೋಡಬೇಕೆಂದಿದ್ದರೆ ಡಿಸೆಂಬರ್ ತಡವಾಗುತ್ತದೆ. ಮುಂದಿನ ವರ್ಷಕ್ಕೆ ಕಾಯಬಲ್ಲಿರಾದರೆ ತಂಗಿಯ ಮಗಳು ತರಲಿ.

ಟ್ರೈಪಾಡ್‌ನ 1,900ಕ್ಕೆ ಮಾತ್ರ ಕಾಯಬೇಡಿ. ನಾಳೆ ಬ್ಯಾಂಕ್ ತೆರೆದ ಕೂಡಲೇ ಆ ಮೂರು ಪ್ರಿಂಟ್ ಹಿಡಿದು ಹೋಗಿ, ದೂರು ಕೊಟ್ಟು, ದೂರಿನ ನಂಬರ್ ಬರೆಸಿಕೊಂಡು ಬನ್ನಿ.